ವಿಡಿಯೊ ಕಳಿಸೋದಾ, ಲಿಂಕ್ ಕಳಿಸೋದಾ? ಯಾವುದಕ್ಕೆ ಯಾವ ದಾರಿ ಸರಿ

ದಸರಾ ಮುಗಿದ ವಾರ ಮೈಸೂರಿನಲ್ಲಿ ಯಾರ ಫೋನ್ ನೋಡಿದರೂ ಒಂದೇ ಗೋಳು: ಜಾಗ ಇಲ್ಲ. ಜಂಬೂಸವಾರಿಯ ವಿಡಿಯೊ, ಬನ್ನಿಮಂಟಪದ ಪಂಜಿನ ಕವಾಯತಿನ ವಿಡಿಯೊ, ದೀಪಾಲಂಕಾರದ ವಿಡಿಯೊ. ಅದರಲ್ಲೂ ಒಂದೇ ವಿಡಿಯೊ ನಾಲ್ಕು ಗ್ರೂಪಿನಿಂದ ನಾಲ್ಕು ಸಲ ಬಂದು ಕೂತಿರುತ್ತದೆ. ಮಂಡ್ಯ ಕಡೆ ಊರಹಬ್ಬ, ಜಾತ್ರೆ, ಮದುವೆ ಕಾಲದಲ್ಲೂ ಇದೇ ಪಾಡು. ಇಷ್ಟೆಲ್ಲಾ ಕಳಿಸಿದ ಮೇಲೂ ಬೆಂಗಳೂರಿನಲ್ಲಿರುವ ಚಿಕ್ಕಪ್ಪ ಫೋನ್ ಮಾಡಿ "ನನಗೆ ಓಪನ್ನೇ ಆಗ್ತಿಲ್ಲ ಕಣೋ" ಅನ್ನುತ್ತಾರೆ.

ವಿಡಿಯೊ ಹಂಚುವುದಕ್ಕೆ ಆ್ಯಪ್‌ಗಳು ಬೇಕಾದಷ್ಟಿವೆ. ಆದರೆ ದಾರಿ ಇರುವುದು ಎರಡೇ. ಒಂದು, ಫೈಲನ್ನೇ ಕಳಿಸುವುದು. ಇನ್ನೊಂದು, ವಿಡಿಯೊವನ್ನು ಒಂದು ಕಡೆ ಇಟ್ಟು ಅದರ ಲಿಂಕ್ ಕೊಡುವುದು. ಮೊದಲನೆಯದು ಮನೆಮನೆಗೆ ಬುತ್ತಿ ಕಟ್ಟಿ ಕಳಿಸಿದ ಹಾಗೆ, ಎರಡನೆಯದು ಎಲ್ಲರನ್ನೂ ಕರೆದು ಪಂಕ್ತಿಯಲ್ಲಿ ಕೂರಿಸಿ ಬಡಿಸಿದ ಹಾಗೆ. ನಾಲ್ಕು ಮನೆಗೆ ಬುತ್ತಿ ಸರಿ. ಊರಿಗೆಲ್ಲಾ ಆಗುವುದಿಲ್ಲ.

ನನ್ನ ಮಾತು ಇಷ್ಟು: ಹತ್ತಾರು ಜನ ನೋಡಬೇಕಾದ ವಿಡಿಯೊ ಆದರೆ ಫೈಲ್ ಕಳಿಸಬೇಡಿ, ಲಿಂಕ್ ಕಳಿಸಿ. ಯಾವ ಲಿಂಕ್ ಅನ್ನುವುದು ಮೂರು ವಿಷಯದ ಮೇಲೆ ನಿಲ್ಲುತ್ತದೆ. ಯಾರು ನೋಡಬೇಕು, ಎಷ್ಟು ಸ್ಪಷ್ಟ ಇರಬೇಕು, ಎಷ್ಟು ವರ್ಷ ಉಳಿಯಬೇಕು.

ಮೊದಲು ಗಾತ್ರದ ಅಂದಾಜು ಇರಲಿ. ಇವತ್ತಿನ ಫೋನಿನಲ್ಲಿ ಫುಲ್ ಎಚ್‌ಡಿಯಲ್ಲಿ ತೆಗೆದ ಒಂದು ನಿಮಿಷದ ವಿಡಿಯೊ, ಸೆಟ್ಟಿಂಗ್ ನೋಡಿಕೊಂಡು, ಸುಮಾರು 60ರಿಂದ 130 ಎಂಬಿ ಆಗುತ್ತದೆ. 4ಕೆ ಇಟ್ಟುಕೊಂಡಿದ್ದರೆ ಅದರ ಎರಡರಿಂದ ಮೂರು ಪಟ್ಟು. ಅಂದರೆ ಹತ್ತು ನಿಮಿಷದ ಒಂದು ಕುಣಿತ ಸುಲಭವಾಗಿ ಒಂದು ಜಿಬಿ ದಾಟಬಹುದು. ಅದನ್ನು ಇನ್ನೂರು ಜನ ಇರುವ ಗ್ರೂಪಿಗೆ ಹಾಕಿದರೆ ಇನ್ನೂರು ಫೋನಿನಲ್ಲೂ ಒಂದೊಂದು ಕಾಪಿ ಕೂರುತ್ತದೆ.

ವಾಟ್ಸಾಪ್: ಬೇಗ ತಲುಪುತ್ತೆ, ಆದರೆ ಕುಗ್ಗಿ ತಲುಪುತ್ತೆ

ನಮ್ಮ ಕಡೆ ವಿಡಿಯೊ ಅಂದರೆ ವಾಟ್ಸಾಪ್. ಅಜ್ಜಿಗೂ ಗೊತ್ತು, ಮೊಮ್ಮಗುವಿಗೂ ಗೊತ್ತು. ಹೊಸದಾಗಿ ಏನೂ ಕಲಿಸಬೇಕಾಗಿಲ್ಲ. ಇದೊಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವ ಹಾಗಿಲ್ಲ. ಮಗು ಮೊದಲ ಹೆಜ್ಜೆ ಇಟ್ಟ ಅರ್ಧ ನಿಮಿಷದ ವಿಡಿಯೊ ಅತ್ತೆ ಮನೆಗೆ ಕಳಿಸಬೇಕು ಅಂದರೆ ವಾಟ್ಸಾಪ್ ಬಿಟ್ಟು ಬೇರೆ ಯೋಚನೆಯೇ ಬೇಡ.

ತೊಂದರೆ ಶುರುವಾಗುವುದು ಸ್ಪಷ್ಟತೆಯ ವಿಷಯಕ್ಕೆ. ಗ್ಯಾಲರಿಯಿಂದ ಆರಿಸಿ ಕಳಿಸಿದ ವಿಡಿಯೊವನ್ನು ವಾಟ್ಸಾಪ್ ಕುಗ್ಗಿಸಿ ಕಳಿಸುತ್ತದೆ. ಎಷ್ಟು ಕೆಡುತ್ತದೆ ಅಂತ ನೋಡಬೇಕಾದರೆ ಬೀಸು ಕಂಸಾಳೆಯ ವಿಡಿಯೊ ಒಂದನ್ನು ಕಳಿಸಿ ನೋಡಿ. ಕುಣಿಯುವವರ ಒಂದು ಕೈಯಲ್ಲಿ ಕಂಚಿನ ಬಟ್ಟಲು, ಇನ್ನೊಂದು ಕೈಯಲ್ಲಿ ಕುಚ್ಚು ಕಟ್ಟಿದ ತಾಳ. ತಾಳ ತಲೆಯ ಮೇಲಿಂದ ಬೀಸಿ ಬಂದು ಬಟ್ಟಲಿಗೆ ತಾಗುವಾಗ ಕಂಚು ಫಳಕ್ ಅಂತ ಹೊಳೆಯುತ್ತದೆ. ನಿಮ್ಮ ಫೋನಿನಲ್ಲಿರುವ ಮೂಲ ವಿಡಿಯೊದಲ್ಲಿ ಕುಚ್ಚಿನ ಎಳೆ ಬೇರೆ ಬೇರೆ ಕಾಣುತ್ತದೆ. ಕುಗ್ಗಿದ ಕಾಪಿಯಲ್ಲಿ ಕುಚ್ಚು ಬರೀ ಬಣ್ಣದ ಮಬ್ಬು. ತಾಳದ ಅಂಚು ಚೌಕ ಚೌಕವಾಗಿ ಒಡೆದಿರುತ್ತದೆ. ಹಿಂದೆ ನಿಂತ ಜನರ ಮುಖವೂ ಕಲಸಿಹೋಗಿರುತ್ತದೆ.

ಇದಕ್ಕೆ ಕಾರಣ ಇದೆ. ವಿಡಿಯೊ ಕುಗ್ಗಿಸುವಾಗ ಪ್ರತಿ ಚಿತ್ರವನ್ನೂ ಪೂರ್ತಿ ಉಳಿಸುವುದಿಲ್ಲ. ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ಏನು ಬದಲಾಗಿದೆ ಅನ್ನುವುದನ್ನು ಮಾತ್ರ ಉಳಿಸುತ್ತದೆ. ವೇದಿಕೆಯಲ್ಲಿ ನಿಂತು ಭಾಷಣ ಮಾಡುವವರ ವಿಡಿಯೊದಲ್ಲಿ ಬದಲಾಗುವುದು ತುಟಿ, ಕೈ ಅಷ್ಟೇ. ಹಾಗಾಗಿ ಎಷ್ಟು ಕುಗ್ಗಿಸಿದರೂ ನೋಡುವಂತಿರುತ್ತದೆ. ಪೂಜಾ ಕುಣಿತ, ಕಂಸಾಳೆ, ವೀರಗಾಸೆಯಲ್ಲಿ ಎಲ್ಲವೂ ಒಟ್ಟಿಗೆ ಅಲುಗಾಡುತ್ತದೆ. ಇರುವ ಸ್ವಲ್ಪ ಜಾಗದಲ್ಲಿ ಅಷ್ಟು ಬದಲಾವಣೆ ಹಿಡಿಸುವುದಿಲ್ಲ. ಕುಣಿತದ ವಿಡಿಯೊಗಳೇ ಜಾಸ್ತಿ ಕೆಡುವುದು ಅದಕ್ಕೇ. ಎಷ್ಟು ಶ್ರಮಪಟ್ಟು ಕುಣಿದಿರುತ್ತಾರೆ, ಅದು ಹೀಗೆ ಮಬ್ಬಾಗಿ ಊರೆಲ್ಲಾ ಓಡಾಡಿದರೆ ನೋಡುವುದಕ್ಕೆ ಸಂಕಟ ಆಗುತ್ತದೆ.

2023ರಿಂದ ವಾಟ್ಸಾಪ್‌ನಲ್ಲಿ ಎಚ್‌ಡಿ ಆಯ್ಕೆ ಇದೆ. ಕಳಿಸುವ ಮೊದಲು ಪರದೆಯ ಮೇಲ್ಭಾಗದಲ್ಲಿ ಎಚ್‌ಡಿ ಗುರುತು ಒತ್ತಿದರೆ ಸ್ವಲ್ಪ ಮೇಲಾಗಿ ಹೋಗುತ್ತದೆ. ಆದರೂ ಮೂಲದಷ್ಟು ಇರುವುದಿಲ್ಲ. ಮೂಲ ಫೈಲೇ ಹೋಗಬೇಕು ಅಂದರೆ ಪಿನ್ ಗುರುತು ಒತ್ತಿ, ಗ್ಯಾಲರಿ ಬಿಟ್ಟು "ಡಾಕ್ಯುಮೆಂಟ್" ಆರಿಸಿ, ಅಲ್ಲಿಂದ ವಿಡಿಯೊ ಕಳಿಸಿ. 2 ಜಿಬಿವರೆಗಿನ ಫೈಲ್ ಇದ್ದದ್ದು ಇದ್ದ ಹಾಗೇ ಹೋಗುತ್ತದೆ. ಇಲ್ಲಿ ಒಂದು ಎಚ್ಚರ. ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಮಾಡಿ ತೆಗೆದಿದ್ದರೆ ಎಲ್ಲಿ ತೆಗೆದದ್ದು ಅನ್ನುವ ಮಾಹಿತಿ ಫೈಲಿನೊಳಗೇ ಇರುತ್ತದೆ. ಡಾಕ್ಯುಮೆಂಟಾಗಿ ಕಳಿಸಿದರೆ ಅದೂ ಜೊತೆಗೇ ಹೋಗುತ್ತದೆ. ಮನೆಯೊಳಗಿನ ವಿಡಿಯೊ ಗುರುತಿಲ್ಲದವರಿಗೆ ಹೀಗೆ ಕಳಿಸಬೇಡಿ.

ಈ ಡಾಕ್ಯುಮೆಂಟ್ ದಾರಿ ರೈತರಿಗೆ ನಿಜವಾಗಿ ಉಪಯೋಗ. ಕಬ್ಬಿನ ಗರಿಯ ಅಡಿಗೆ ಬಿಳಿ ಉಣ್ಣೆ ಹೇನು ಬಿದ್ದಿದೆ ಅಂತ ಇಟ್ಟುಕೊಳ್ಳಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಗುರುತಿರುವ ಕೃಷಿ ತಜ್ಞರಿಗೆ ತೋರಿಸಬೇಕು. ಹುಳ ಸಣ್ಣದು, ಗರಿ ಗಾಳಿಗೆ ಅಲ್ಲಾಡುತ್ತಿರುತ್ತದೆ. ಮಾಮೂಲಿಯಾಗಿ ಕಳಿಸಿದರೆ ಅವರಿಗೆ ಕಾಣುವುದು ಬಿಳಿ ಕಲೆ ಮಾತ್ರ. ಅದು ಹೇನೋ, ಬೂಷ್ಟೋ, ಧೂಳೋ ಹೇಳುವುದು ಹೇಗೆ? ಗರಿಯನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಅಡಿಭಾಗ ಬೆಳಕಿಗೆ ತಿರುಗಿಸಿ, ಹತ್ತಿಪ್ಪತ್ತು ಸೆಕೆಂಡಿನ ವಿಡಿಯೊ ತೆಗೆದು ಡಾಕ್ಯುಮೆಂಟಾಗಿ ಕಳಿಸಿ. ಜೊತೆಗೆ ಎರಡು ಫೋಟೊ. ಅವರು ದೊಡ್ಡದು ಮಾಡಿ ನೋಡಬಹುದು.

ವಾಟ್ಸಾಪ್‌ನ ಇನ್ನೊಂದು ಮಿತಿ ಕಾಲದ್ದು. ಸ್ಟೇಟಸ್ 24 ಗಂಟೆಗೆ ಮಾಯ. ಗ್ರೂಪಿನಲ್ಲಿ ಹಾಕಿದ್ದನ್ನು ತುಂಬಾ ದಿನ ಡೌನ್‌ಲೋಡ್ ಮಾಡದೆ ಬಿಟ್ಟರೆ ಆಮೇಲೆ ಸಿಗುವುದಿಲ್ಲ, ಕಳಿಸಿದವರನ್ನೇ ಮತ್ತೆ ಕೇಳಬೇಕು. ಹೊಸದಾಗಿ ಗ್ರೂಪಿಗೆ ಸೇರಿದವರಿಗೆ ಹಳೇ ವಿಡಿಯೊಗಳು ತಾವಾಗಿ ಬರುವುದಿಲ್ಲ. ಉಳಿಯಬೇಕಾದ ವಿಡಿಯೊಗೆ ಇದು ಜಾಗ ಅಲ್ಲ.

ಯೂಟ್ಯೂಬ್: ಎಲ್ಲರಿಗೂ ಕಾಣಬೇಕು ಅಂತೇನಿಲ್ಲ

ಯೂಟ್ಯೂಬ್ ಅಂದ ಕೂಡಲೇ "ಅಯ್ಯೋ, ಊರೆಲ್ಲಾ ನೋಡ್ತಾರೆ" ಅಂತ ಹಿಂಜರಿಯುವವರು ಜಾಸ್ತಿ. ಹಾಗೇನೂ ಇಲ್ಲ. ಹಾಕುವಾಗ ಮೂರು ಆಯ್ಕೆ ಕೇಳುತ್ತದೆ: ಪಬ್ಲಿಕ್, ಅನ್‌ಲಿಸ್ಟೆಡ್, ಪ್ರೈವೇಟ್.

ಪಬ್ಲಿಕ್ ಅಂದರೆ ಯಾರು ಹುಡುಕಿದರೂ ಸಿಗುತ್ತದೆ. ಪ್ರೈವೇಟ್ ಅಂದರೆ ನೀವು ಇಮೇಲ್ ಕೊಟ್ಟು ಕರೆದವರಿಗೆ ಮಾತ್ರ. ಹಾಗೆ ಕರೆಯಬಹುದಾದದ್ದು 50 ಜನರನ್ನು. ಅವರೆಲ್ಲ ಗೂಗಲ್ ಅಕೌಂಟಿನಿಂದ ಲಾಗಿನ್ ಆಗಿಯೇ ನೋಡಬೇಕು. ಮನೆಯ ಹಿರಿಯರಿಗೆ ಇದು ದೊಡ್ಡ ತಲೆನೋವು. ಎಷ್ಟೋ ಜನಕ್ಕೆ ತಮ್ಮ ಜಿಮೇಲ್ ಐಡಿ ಏನು ಅನ್ನುವುದೇ ಗೊತ್ತಿರುವುದಿಲ್ಲ, ಅಂಗಡಿಯವರು ಮಾಡಿಕೊಟ್ಟಿರುತ್ತಾರೆ.

ಇವೆರಡರ ನಡುವಿನದು ಅನ್‌ಲಿಸ್ಟೆಡ್. ನನ್ನ ಲೆಕ್ಕದಲ್ಲಿ ನಮ್ಮಂಥವರಿಗೆ ಅತಿ ಹೆಚ್ಚು ಕೆಲಸಕ್ಕೆ ಬರುವುದು ಇದೇ. ಹುಡುಕಿದರೆ ಸಿಗುವುದಿಲ್ಲ, ನಿಮ್ಮ ಚಾನೆಲ್ ಪುಟದಲ್ಲೂ ಕಾಣುವುದಿಲ್ಲ. ಲಿಂಕ್ ಇದ್ದವರು ಲಾಗಿನ್ ಇಲ್ಲದೇ ನೋಡಬಹುದು. ಮದುವೆ, ಗೃಹಪ್ರವೇಶ, ನಾಮಕರಣ, ಅಪಾರ್ಟ್‌ಮೆಂಟಿನ ಗಣಪತಿ ಹಬ್ಬ, ಎಲ್ಲದಕ್ಕೂ ಇದು ಸರಿ. ಆದರೆ ಇದು ಬೀಗ ಅಲ್ಲ. ಲಿಂಕ್ ಸಿಕ್ಕವರು ಇನ್ನೊಬ್ಬರಿಗೆ ಕಳಿಸಿದರೆ ತಡೆಯುವುದಕ್ಕೆ ಆಗುವುದಿಲ್ಲ. ಯಾರಾದರೂ ಅದನ್ನು ತಮ್ಮ ಪಬ್ಲಿಕ್ ಪ್ಲೇಲಿಸ್ಟಿಗೆ ಸೇರಿಸಿದರೆ ಅಲ್ಲಿಂದಲೂ ಹೊರಗೆ ಕಾಣುತ್ತದೆ. ಹೊರಗೆ ಹೋದರೆ ನಿಜವಾಗಿ ತೊಂದರೆ ಅನ್ನುವಂಥದ್ದನ್ನು ಅನ್‌ಲಿಸ್ಟೆಡ್ ಅಂತ ನಂಬಿ ಹಾಕಬೇಡಿ.

ಯೂಟ್ಯೂಬಿನ ದೊಡ್ಡ ಲಾಭ ಹಳ್ಳಿ ಕಡೆ ಗೊತ್ತಾಗುತ್ತದೆ. ನೀವು ಹಾಕಿದ ಒಂದು ವಿಡಿಯೊವನ್ನು ಅದು 144ಪಿಯಿಂದ ಹಿಡಿದು ಫುಲ್ ಎಚ್‌ಡಿವರೆಗೆ ಬೇರೆ ಬೇರೆ ಗಾತ್ರದಲ್ಲಿ ತಯಾರು ಮಾಡಿ ಇಟ್ಟುಕೊಳ್ಳುತ್ತದೆ. ನೋಡುವವರ ನೆಟ್‌ವರ್ಕ್ ಎಷ್ಟಿದೆಯೋ ಅಷ್ಟರದ್ದನ್ನು ಕೊಡುತ್ತದೆ. ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಎಚ್‌ಡಿಯಲ್ಲಿ ನೋಡುತ್ತಿದ್ದವರು ಬಸ್ ಹತ್ತಿ ಗದ್ದೆ ನಡುವಿನ ರಸ್ತೆಗೆ ಬಂದಾಗ ಚಿತ್ರ ಸ್ವಲ್ಪ ಮಬ್ಬಾಗುತ್ತದೆ, ಆದರೆ ನಿಲ್ಲುವುದಿಲ್ಲ. ಫೈಲ್ ಕಳಿಸಿದ್ದರೆ ಪೂರ್ತಿ ಇಳಿಯುವವರೆಗೆ ಕಾಯಬೇಕು.

ಹಾಕುವ ಮೊದಲು ಗೊತ್ತಿರಬೇಕಾದ ಕೆಲವು ವಿಷಯಗಳಿವೆ. ಫೋನ್ ನಂಬರ್ ಕೊಟ್ಟು ವೆರಿಫೈ ಮಾಡದ ಅಕೌಂಟಿನಲ್ಲಿ 15 ನಿಮಿಷಕ್ಕಿಂತ ದೊಡ್ಡ ವಿಡಿಯೊ ಹಾಕುವುದಕ್ಕೆ ಬಿಡುವುದಿಲ್ಲ. ವೆರಿಫೈ ಮಾಡಿದರೆ 12 ಗಂಟೆಯದ್ದನ್ನೂ ಹಾಕಬಹುದು. ಮುಹೂರ್ತದ ದಿನ ಇದಕ್ಕಾಗಿ ಒದ್ದಾಡುವ ಬದಲು ಹಿಂದಿನ ವಾರವೇ ಮುಗಿಸಿಡಿ. ಇನ್ನೊಂದು, ಅಪ್‌ಲೋಡ್ ಮುಗಿದ ಕೂಡಲೇ ಲಿಂಕ್ ಹಂಚಬೇಡಿ. ಮೊದಲು ಕಡಿಮೆ ಗಾತ್ರದ್ದು ಸಿದ್ಧವಾಗುತ್ತದೆ, ಎಚ್‌ಡಿ ಬರಲು ಇನ್ನೂ ಸ್ವಲ್ಪ ಹೊತ್ತು ಬೇಕು. ಆತುರಕ್ಕೆ ಹಂಚಿದರೆ ಮೊದಲು ನೋಡಿದವರೆಲ್ಲ "ಕ್ಲಿಯರ್ ಇಲ್ಲ" ಅಂತ ಮುಚ್ಚಿಬಿಡುತ್ತಾರೆ. ಫೋನನ್ನು ಉದ್ದಕ್ಕೆ ಹಿಡಿದು ತೆಗೆದ ಮೂರು ನಿಮಿಷದೊಳಗಿನ ವಿಡಿಯೊ ಈಗ ತಾನಾಗಿಯೇ ಶಾರ್ಟ್ಸ್, ಅಂದರೆ ಯೂಟ್ಯೂಬಿನ ಚುಟುಕು ವಿಡಿಯೊ, ಆಗುತ್ತದೆ. ಕುಣಿತ, ಮೆರವಣಿಗೆ ತೆಗೆಯುವಾಗ ಫೋನ್ ಅಡ್ಡಕ್ಕೆ ಹಿಡಿಯಿರಿ. ತೇರನ್ನೂ ಅದನ್ನು ಎಳೆಯುವ ಜನರನ್ನೂ ಒಟ್ಟಿಗೆ ಹಿಡಿಯಲು ಅಗಲ ಬೇಕೇ ಬೇಕು.

ಹಾಡಿನ ವಿಷಯ. ಶಾಲೆ ವಾರ್ಷಿಕೋತ್ಸವ ಅಂದರೆ ಸಿನಿಮಾ ಹಾಡು ಇದ್ದೇ ಇರುತ್ತದೆ. ಯೂಟ್ಯೂಬಿಗೆ ಹಾಕಿದಾಗ ಕಂಟೆಂಟ್ ಐಡಿ ಅನ್ನುವ ವ್ಯವಸ್ಥೆ ಆ ಹಾಡನ್ನು ಗುರುತಿಸಿ, ಹಕ್ಕಿರುವ ಕಂಪನಿಯ ಪರವಾಗಿ ಕ್ಲೇಮ್ ಹಾಕುತ್ತದೆ. ಮೇಲ್ ಬಂದ ಕೂಡಲೇ ಗಾಬರಿ ಬೇಡ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಬಂದರೆ ಸಾಮಾನ್ಯವಾಗಿ ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ, ಕೆಲವು ಸಲ ವಿಡಿಯೊವನ್ನೇ ತಡೆಯಬಹುದು. ಹಕ್ಕಿರುವವರು ದೂರು ಕೊಟ್ಟು ವಿಡಿಯೊ ತೆಗೆಸಿದಾಗ ಬೀಳುವ ಸ್ಟ್ರೈಕ್ ಮಾತ್ರ ಗಂಭೀರ. 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ ಬಂದರೆ ಚಾನೆಲ್ಲೇ ಹೋಗುತ್ತದೆ. ವಿಡಿಯೊ ಪಬ್ಲಿಕ್ ಮಾಡುವ ಮೊದಲೇ ಈ ತಪಾಸಣೆಯ ಫಲಿತಾಂಶ ತೋರಿಸುತ್ತದೆ. ಅಲ್ಲಿ ಹಾಡು ಸಿಕ್ಕಿಬಿದ್ದರೆ ಆ ಭಾಗದ ಶಬ್ದ ಮಾತ್ರ ತೆಗೆದುಹಾಕಬಹುದು. ಊರಿನವರೇ ಹಾಡಿದ ಸೋಬಾನೆ ಪದಕ್ಕೆ, ತಮಟೆಗೆ ಈ ಗೋಜಲು ಕಡಿಮೆ.

ಮೂರು ಗಂಟೆಯ ವಾರ್ಷಿಕೋತ್ಸವದಲ್ಲಿ ಅಪ್ಪ ಅಮ್ಮ ಹುಡುಕುವುದು ಐದು ನಿಮಿಷ, ತಮ್ಮ ಮಗುವಿನ ಡ್ಯಾನ್ಸ್. ಅವರಿಗೆ ಸುಲಭ ಮಾಡಿಕೊಡಿ. ವಿವರಣೆಯ ಜಾಗದಲ್ಲಿ ಸಮಯ ಮತ್ತು ಹೆಸರು ಒಂದೊಂದು ಸಾಲಿಗೆ ಬರೆಯಿರಿ: 0:00 ಪ್ರಾರ್ಥನೆ, 4:30 ಸ್ವಾಗತ, 22:15 ಎರಡನೇ ತರಗತಿ ಕೋಲಾಟ, ಹೀಗೆ. ಮೊದಲ ಸಾಲು 0:00ಯಿಂದಲೇ ಶುರುವಾಗಬೇಕು. ಕನಿಷ್ಠ ಮೂರು ಸಾಲು ಇರಬೇಕು. ಒಂದೊಂದು ಭಾಗ 10 ಸೆಕೆಂಡಿಗಿಂತ ಚಿಕ್ಕದಿರಬಾರದು. ಇಷ್ಟು ಮಾಡಿದರೆ ವಿಡಿಯೊದ ಕೆಳಗಿನ ಗೆರೆ ಅಧ್ಯಾಯಗಳಾಗಿ ಒಡೆದುಕೊಳ್ಳುತ್ತದೆ, ಬೇಕಾದ ಕಡೆ ಒತ್ತಿದರೆ ಸಾಕು. ಮಕ್ಕಳ ಹೆಸರು ಬರೆಯಬೇಡಿ, ತರಗತಿ ಮತ್ತು ಕಾರ್ಯಕ್ರಮದ ಹೆಸರು ಸಾಕು. ವಿಡಿಯೊ ಹಾಕುವ ಮೊದಲು ಪೋಷಕರನ್ನು ಒಂದು ಮಾತು ಕೇಳಿ. ಬೇಡ ಅನ್ನುವವರು ಇರುತ್ತಾರೆ, ಅವರ ಮಾತಿಗೆ ಬೆಲೆ ಕೊಡಲೇಬೇಕು.

ಒಬ್ಬರಿಗೆ ಒಂದೇ ಜಾಗ ತೋರಿಸಬೇಕು ಅಂದರೆ ಇನ್ನೂ ಸುಲಭ. ಕಂಪ್ಯೂಟರಿನಲ್ಲಿ ಶೇರ್ ಒತ್ತಿದಾಗ ಕೆಳಗೆ "ಇಲ್ಲಿಂದ ಶುರು" ಅನ್ನುವ ಅರ್ಥದ ಚೌಕ ಬರುತ್ತದೆ. ಅದಕ್ಕೆ ಟಿಕ್ ಹಾಕಿದರೆ ಲಿಂಕ್ ಆ ಸೆಕೆಂಡಿನಿಂದಲೇ ತೆರೆದುಕೊಳ್ಳುತ್ತದೆ.

ಪಬ್ಲಿಕ್ ಹಾಕುವುದಾದರೆ ಹೆಸರು ಕನ್ನಡದಲ್ಲಿ ಬರೆಯಿರಿ, ಪೂರ್ತಿ ಬರೆಯಿರಿ. "ನಮ್ಮೂರ ಹಬ್ಬ ಸೂಪರ್" ಅಂದರೆ ಯಾರಿಗೂ ಸಿಗುವುದಿಲ್ಲ. ಕಲೆಯ ಹೆಸರು, ಊರು, ತಾಲ್ಲೂಕು, ವರ್ಷ ಇರಲಿ. ನಾಳೆ ಯಾರೋ ಪೂಜಾ ಕುಣಿತದ ಬಗ್ಗೆ ಓದುವ ವಿದ್ಯಾರ್ಥಿ ಹುಡುಕಿದಾಗ ಸಿಗಬೇಕಲ್ವಾ?

ಲೈವ್ ಮಾಡುವವರಿಗೆ

ಈಗ ಛತ್ರದ ಮದುವೆ ಅಂದರೆ ಲೈವ್ ಇದ್ದೇ ಇರುತ್ತದೆ. ಫೋನಿನಿಂದ ನೇರವಾಗಿ ಯೂಟ್ಯೂಬ್ ಲೈವ್ ಮಾಡಲು ಚಾನೆಲ್ಲಿಗೆ ಕನಿಷ್ಠ 50 ಸಬ್‌ಸ್ಕ್ರೈಬರ್ ಬೇಕು. ಮೊದಲ ಸಲ ಲೈವ್ ಆನ್ ಮಾಡಿದರೆ ಅನುಮತಿ ಬರಲು 24 ಗಂಟೆ ಹಿಡಿಯಬಹುದು. ಕಂಪ್ಯೂಟರ್ ಮೂಲಕ ಮಾಡುವುದಾದರೆ ಸಬ್‌ಸ್ಕ್ರೈಬರ್ ಲೆಕ್ಕ ಇಲ್ಲ. ಫೋಟೊಗ್ರಾಫರ್ ಹತ್ತಿರ ಮಾತಾಡುವಾಗ ಒಂದು ಪ್ರಶ್ನೆ ಕೇಳಲೇಬೇಕು: "ಲೈವ್ ಯಾರ ಚಾನೆಲ್ಲಲ್ಲಿ ಬರುತ್ತೆ?" ಅವರ ಚಾನೆಲ್ಲಿನಲ್ಲಾದರೆ ವಿಡಿಯೊದ ಮೇಲೆ ನಿಮಗೆ ಹಿಡಿತ ಇರುವುದಿಲ್ಲ. ಪಬ್ಲಿಕ್ ಇಟ್ಟರೂ, ಅಳಿಸಿದರೂ ನಿರ್ಧಾರ ಅವರದ್ದು. ಮನೆಯವರ ಅಕೌಂಟಿನಲ್ಲೇ ಅನ್‌ಲಿಸ್ಟೆಡ್ ಲೈವ್ ಮಾಡಿಸಿ. 12 ಗಂಟೆಯೊಳಗಿನ ಲೈವ್ ಮುಗಿದ ಮೇಲೆ ಅದೇ ಲಿಂಕಿನಲ್ಲಿ ಉಳಿಯುತ್ತದೆ.

ಫೇಸ್‌ಬುಕ್ ಲೈವ್ ಹಾಗಲ್ಲ. 2025ರ ಫೆಬ್ರವರಿಯಿಂದ ಅಲ್ಲಿ ಮಾಡಿದ ಹೊಸ ಲೈವ್ ವಿಡಿಯೊ 30 ದಿನ ಮಾತ್ರ ಇರುತ್ತದೆ. ಅಷ್ಟರೊಳಗೆ ಇಳಿಸಿಕೊಳ್ಳದಿದ್ದರೆ ಹೋಯಿತು. ಸಾಮಾನ್ಯ ವಿಡಿಯೊಗೂ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡೂ ಅಲ್ಲೇ ಇರುವವರಿಗೆ ಚೆನ್ನ. ಅಕೌಂಟ್ ಇಲ್ಲದವರಿಗೆ ಲಿಂಕ್ ಕಳಿಸಿದರೆ ಲಾಗಿನ್ ಆಗಿ ಅನ್ನುತ್ತದೆ. ದೇವರಾಜ ಮಾರುಕಟ್ಟೆ ಹೂವಿನ ಸಾಲಿನ ಅರ್ಧ ನಿಮಿಷದ ರೀಲ್ಸ್ ಹಾಕಿ ಹೊಸಬರನ್ನು ಮುಟ್ಟಬೇಕೇ, ಇನ್‌ಸ್ಟಾಗ್ರಾಂ. ದೊಡ್ಡಪ್ಪನಿಗೆ ಮದುವೆ ವಿಡಿಯೊ ತೋರಿಸಬೇಕೇ, ಬೇಡ.

ಡ್ರೈವ್, ಫೋಟೋಸ್, ಟೆಲಿಗ್ರಾಂ

ಮೂಲ ಫೈಲೇ ಬೇಕಾದವರಿಗೆ ಗೂಗಲ್ ಡ್ರೈವ್. ಎಡಿಟರ್‌ಗೆ ಮದುವೆ ಫುಟೇಜ್ ಕೊಡಬೇಕು, ನಾಟಕ ತಂಡದವರು ತಾಲೀಮಿನ ವಿಡಿಯೊ ತಾವೇ ಇಳಿಸಿಕೊಳ್ಳಬೇಕು, ಇಂಥದ್ದಕ್ಕೆ ಹೇಳಿ ಮಾಡಿಸಿದ್ದು. ಹಾಕಿದ ಮೇಲೆ ಶೇರ್ ಒತ್ತಿ "ಲಿಂಕ್ ಇರುವ ಯಾರಾದರೂ" ಅಂತ ಬದಲಾಯಿಸಿ, ಪಕ್ಕದಲ್ಲಿ "ವ್ಯೂವರ್" ಇಡಿ. ಇದನ್ನು ಬದಲಾಯಿಸದೆ ಲಿಂಕ್ ಕಳಿಸಿದರೆ ನಿಮ್ಮ ಮೇಲ್‌ಗೆ "ಅನುಮತಿ ಕೊಡಿ" ಅನ್ನುವ ಕೋರಿಕೆಗಳ ಸಾಲು ಬಂದು ಬೀಳುತ್ತದೆ.

ಡ್ರೈವಿನ ಕಷ್ಟ ಜಾಗದ್ದು. ಪುಕ್ಕಟೆ ಸಿಗುವುದು 15 ಜಿಬಿ. ಅದರಲ್ಲೇ ಜಿಮೇಲ್, ಅದರಲ್ಲೇ ಗೂಗಲ್ ಫೋಟೋಸ್. 2021ರ ಜೂನ್ 1ರಿಂದ ಫೋಟೋಸ್‌ಗೆ ಹಾಕಿದ್ದೆಲ್ಲ ಈ ಲೆಕ್ಕಕ್ಕೇ ಸೇರುತ್ತದೆ. ಒಂದು ಮದುವೆಯ 4ಕೆ ಫುಟೇಜ್ ಹಾಕಿದರೆ ತುಂಬಿಯೇ ಹೋಯಿತು. ತುಂಬಿದರೆ ಮೇಲ್ ಬರುವುದೂ ನಿಲ್ಲುತ್ತದೆ. ಬ್ಯಾಂಕಿನ ಮೇಲ್, ಕೆಲಸದ ಇಂಟರ್‌ವ್ಯೂ ಮೇಲ್ ಎಲ್ಲ ವಾಪಸ್. ಇದು ಸಣ್ಣ ವಿಷಯ ಅಲ್ಲ. ಯೂಟ್ಯೂಬಿಗೆ ಹಾಕಿದ ವಿಡಿಯೊ ಈ 15 ಜಿಬಿಗೆ ಸೇರುವುದಿಲ್ಲ ಅನ್ನುವುದು ನೆನಪಿರಲಿ. ಡ್ರೈವಿನಲ್ಲಿ ಇನ್ನೊಂದು ಮಿತಿ ಇದೆ. ಕಡಿಮೆ ಸಮಯದಲ್ಲಿ ತುಂಬಾ ಜನ ನೋಡಿದರೆ, ಇಳಿಸಿಕೊಂಡರೆ, ಆ ಫೈಲ್ 24 ಗಂಟೆಯವರೆಗೆ ತೆರೆಯದೇ ಹೋಗಬಹುದು. ನೂರಾರು ಜನರಿಗೆ ಹಂಚುವ ಜಾಗ ಅದಲ್ಲ.

ಮನೆಯವರಷ್ಟೇ ನೋಡುವ ಪ್ರವಾಸದ ಫೋಟೊ, ಸಣ್ಣ ಸಣ್ಣ ವಿಡಿಯೊಗೆ ಗೂಗಲ್ ಫೋಟೋಸ್‌ನ ಶೇರ್ಡ್ ಆಲ್ಬಂ ಚೆನ್ನ. ಎಲ್ಲರೂ ತಾವು ತೆಗೆದದ್ದನ್ನು ಅದಕ್ಕೇ ಸೇರಿಸಬಹುದು. "ಸ್ಟೋರೇಜ್ ಸೇವರ್" ಇಟ್ಟಿದ್ದರೆ ಅದೂ ವಿಡಿಯೊ ಕುಗ್ಗಿಸುತ್ತದೆ, ಅದನ್ನು ನೋಡಿಕೊಳ್ಳಿ.

ಟೆಲಿಗ್ರಾಂನಲ್ಲಿ 2 ಜಿಬಿವರೆಗಿನ ಫೈಲ್ ಹೋಗುತ್ತದೆ. ಪೂರ್ತಿ ಇಳಿಯುವ ಮೊದಲೇ ನೋಡಲು ಶುರುಮಾಡಬಹುದು. ಫೋನ್ ಬದಲಾಯಿಸಿದರೂ ಹಳೆಯದು ಸಿಗುತ್ತದೆ. ಕೆಲಸಕ್ಕೆ ಬರುವ ಗುಣಗಳು ಇವೆ. ಆದರೆ ನಿಮ್ಮ ಗುಂಪಿನವರೆಲ್ಲ ಅದರಲ್ಲಿ ಇದ್ದರೆ ಮಾತ್ರ. ಪರೀಕ್ಷೆಗೆ ಓದುವ ಹುಡುಗರ ಗುಂಪಿಗೆ ಸರಿ, ಬೀಗರ ಗುಂಪಿಗೆ ಹೊಸ ಆ್ಯಪ್ ಹಾಕಿಸುವುದು ಸುಮ್ನೆ ಕೆಲಸ.

ಬೇರೆಯವರ ವಿಡಿಯೊ ಹಂಚುವಾಗ

ಇಲ್ಲಿ ನನಗೆ ಸಂಶಯವೇ ಇಲ್ಲ. ಲಿಂಕ್ ಮಾತ್ರ ಕಳಿಸಿ. ಇಳಿಸಿ ಫೈಲ್ ಮಾಡಿ ಕಳಿಸಬೇಡಿ, ನಿಮ್ಮ ಚಾನೆಲ್ಲಿಗೆ ಮತ್ತೆ ಹಾಕಿಕೊಳ್ಳಬೇಡಿ.

ಒಂದು ಕಾರಣ, ಮಾಡಿದವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಕಲಾವಿದರು ತಾವೇ ಹಾಕಿದ ವಿಡಿಯೊವನ್ನು ನಾವು ಲಿಂಕಿನಿಂದ ನೋಡಿದರೆ ಆ ಎಣಿಕೆ ಅವರ ಲೆಕ್ಕಕ್ಕೆ ಹೋಗುತ್ತದೆ. ಮುಂದಿನ ಕಾರ್ಯಕ್ರಮಕ್ಕೆ ಕರೆಯುವವರು ಅದನ್ನೇ ನೋಡುತ್ತಾರೆ.

ಇನ್ನೊಂದು ಕಾರಣ ಇನ್ನೂ ದೊಡ್ಡದು. ಲಿಂಕಿನಲ್ಲಿ ಯಾರು ಹಾಕಿದ್ದು, ಯಾವ ದಿನ ಹಾಕಿದ್ದು ಎರಡೂ ಇರುತ್ತದೆ. ಫೈಲಿನಲ್ಲಿ ಎರಡೂ ಕಳೆದುಹೋಗುತ್ತದೆ. ಮಳೆಗಾಲದಲ್ಲಿ ಕೆಆರ್‌ಎಸ್ ನೀರಿನ ಮಟ್ಟ ಭರ್ತಿಯಾಗುವ 124.80 ಅಡಿಯ ಹತ್ತಿರ ಬಂದಾಗ ಗೇಟ್ ತೆರೆದ ವಿಡಿಯೊಗಳು ಗ್ರೂಪಿನಲ್ಲಿ ಓಡಾಡುತ್ತವೆ. ಅದು ಈ ವರ್ಷದ್ದೋ, ಹಿಂದಿನದ್ದೋ ಫೈಲ್ ನೋಡಿ ಹೇಳುವ ಹಾಗಿಲ್ಲ. ನದಿ ದಂಡೆಯಲ್ಲಿ ದನ ಕಟ್ಟಿದವರಿಗೆ, ಶ್ರೀರಂಗಪಟ್ಟಣಕ್ಕೆ ಮಕ್ಕಳನ್ನು ಕಳಿಸಿದವರಿಗೆ ಇದು ತಮಾಷೆ ಅಲ್ಲ. ಲಿಂಕ್ ಆದರೆ ಒತ್ತಿದ ಕೂಡಲೇ ದಿನಾಂಕ ಕಾಣುತ್ತದೆ. ಅದು ವಿಡಿಯೊ ಹಾಕಿದ ದಿನ, ತೆಗೆದ ದಿನ ಅಲ್ಲ, ನಿಜ. ಹಾಗಿದ್ದರೂ "ಎರಡು ವರ್ಷದ ಹಿಂದೆ" ಅಂತ ಬರೆದಿದ್ದರೆ ಇವತ್ತಿನದ್ದಲ್ಲ ಅನ್ನುವುದಾದರೂ ಖಾತ್ರಿ. "ಹಲವು ಬಾರಿ ಫಾರ್ವರ್ಡ್ ಆಗಿದೆ" ಅನ್ನುವ ಗುರುತು ಬಿದ್ದ ಸಂದೇಶವನ್ನು ವಾಟ್ಸಾಪ್ 2020ರ ಏಪ್ರಿಲ್‌ನಿಂದ ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳಿಸಲು ಬಿಡುತ್ತದೆ. ಆ ಗುರುತು ಕಂಡರೆ ಮುಂದೆ ತಳ್ಳುವ ಮೊದಲು ಮೂಲ ಹುಡುಕಿ.

ಸಣ್ಣ ವಿಷಯ ಒಂದು. ಯೂಟ್ಯೂಬ್ ಲಿಂಕಿನ ಕೊನೆಯಲ್ಲಿ ಪ್ರಶ್ನೆ ಚಿಹ್ನೆಯಾದ ಮೇಲೆ "ಎಸ್‌ಐ" (si) ಅಂತ ಶುರುವಾಗುವ ಉದ್ದನೆಯ ಬಾಲ ಇರುತ್ತದೆ. ಅದು ಹಂಚಿಕೆಯ ಜಾಡು ಹಿಡಿಯಲು ಸೇರಿಸಿದ್ದು. ಅಳಿಸಿ ಕಳಿಸಿದರೂ ವಿಡಿಯೊ ತೆರೆಯುತ್ತದೆ.

ನಿಮ್ಮದೇ ವೆಬ್‌ಸೈಟ್ ಇದ್ದರೆ

ಶಾಲೆ, ಸಂಘ, ನಾಟಕ ತಂಡ, ಹೋಂಸ್ಟೇ, ಯಾರದೇ ವೆಬ್‌ಸೈಟ್ ಆಗಲಿ, ಅಲ್ಲಿ ವಿಡಿಯೊ ಕಾಣಿಸಲು ಮೂರು ದಾರಿ: ಫೈಲನ್ನು ಸೈಟಿಗೇ ಏರಿಸುವುದು, ಬರೀ ಲಿಂಕ್ ಕೊಡುವುದು, ಎಂಬೆಡ್ ಮಾಡುವುದು.

ಸೈಟಿಗೇ ಏರಿಸುವುದು ಬೇಡ. ವರ್ಷಕ್ಕೆ ಇಷ್ಟು ಅಂತ ಕೊಟ್ಟು ತೆಗೆದುಕೊಂಡ ಹೋಸ್ಟಿಂಗಿನಲ್ಲಿ ಜಾಗವೂ ಕಡಿಮೆ, ತಿಂಗಳಿಗೆ ಇಷ್ಟೇ ಡೇಟಾ ಅನ್ನುವ ಮಿತಿಯೂ ಇರುತ್ತದೆ. ನೆಟ್‌ವರ್ಕ್ ನೋಡಿಕೊಂಡು ಗಾತ್ರ ಬದಲಾಯಿಸುವ ವ್ಯವಸ್ಥೆ ಅಲ್ಲಿ ತಾನಾಗಿ ಬರುವುದಿಲ್ಲ. ಹಳ್ಳಿಯಿಂದ ನೋಡುವವರಿಗೆ ಸುತ್ತುವ ಚಕ್ರ ಮಾತ್ರ ಕಾಣುತ್ತದೆ.

ಎಂಬೆಡ್ ಅಂದರೆ ವಿಡಿಯೊ ಇರುವುದು ಯೂಟ್ಯೂಬಿನಲ್ಲಿ, ಓಡುವುದು ನಿಮ್ಮ ಪುಟದೊಳಗೆ. ವರ್ಡ್‌ಪ್ರೆಸ್ ಸೈಟ್ ಆದರೆ ಕೋಡ್ ಮುಟ್ಟುವುದೇ ಬೇಡ. ವಿಡಿಯೊದ ಲಿಂಕನ್ನು ಒಂದು ಖಾಲಿ ಸಾಲಿನಲ್ಲಿ ಒಂಟಿಯಾಗಿ ಪೇಸ್ಟ್ ಮಾಡಿ. ಆ ಸಾಲಿನಲ್ಲಿ ಬೇರೆ ಒಂದು ಅಕ್ಷರವೂ ಇರಬಾರದು. ತಾನಾಗಿಯೇ ಪ್ಲೇಯರ್ ಆಗುತ್ತದೆ. ಗೂಗಲ್ ಸೈಟ್ಸ್‌ನಲ್ಲಿ "ಇನ್ಸರ್ಟ್" ಅಡಿಯಲ್ಲೇ ಯೂಟ್ಯೂಬ್ ಇದೆ. ಬೇರೆ ಸೈಟ್ ಆದರೆ ಯೂಟ್ಯೂಬಿನಲ್ಲಿ ಶೇರ್, ಆಮೇಲೆ ಎಂಬೆಡ್ ಒತ್ತಿ, ಅಲ್ಲಿ ಬರುವ ಕೋಡನ್ನು ಪುಟದ ಎಚ್‌ಟಿಎಂಎಲ್ ಜಾಗಕ್ಕೆ ಹಾಕಿ. ಮಾಮೂಲಿ ಬರೆಯುವ ಜಾಗಕ್ಕೆ ಹಾಕಿದರೆ ಕೋಡು ಕೋಡಾಗಿಯೇ ಕಾಣುತ್ತದೆ. ಅದೇ ಪೆಟ್ಟಿಗೆಯಲ್ಲಿ ಪ್ರೈವೆಸಿ ಹೆಚ್ಚಿಸುವ ಒಂದು ಟಿಕ್ ಇದೆ, ಮಕ್ಕಳು ನೋಡುವ ಶಾಲೆಯ ಸೈಟಿಗೆ ಅದನ್ನು ತಪ್ಪದೇ ಹಾಕಿ.

ಅನ್‌ಲಿಸ್ಟೆಡ್ ವಿಡಿಯೊ ಎಂಬೆಡ್ ಆಗುತ್ತದೆ. ಪ್ರೈವೇಟ್ ಇಟ್ಟದ್ದು ಬಂದವರಿಗೆ ಓಡುವುದಿಲ್ಲ. ಫೇಸ್‌ಬುಕ್ ವಿಡಿಯೊ ಪಬ್ಲಿಕ್ ಇದ್ದರೆ ಮಾತ್ರ ಎಂಬೆಡ್ ಮಾಡಬಹುದು. 2020ರ ಅಕ್ಟೋಬರ್‌ನಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಲಿಂಕುಗಳು ವರ್ಡ್‌ಪ್ರೆಸ್‌ನಲ್ಲಿ ಸುಮ್ನೆ ಪೇಸ್ಟ್ ಮಾಡಿದರೆ ಪ್ಲೇಯರ್ ಆಗುವುದಿಲ್ಲ. ಅದಕ್ಕೆ ಬೇರೆ ಪ್ಲಗಿನ್, ಅಂದರೆ ಸೈಟಿಗೆ ಸೇರಿಸುವ ಸಣ್ಣ ಸಾಫ್ಟ್‌ವೇರ್, ಬೇಕು. ಹಾಗಾಗಿ ಸೈಟಿಗೆ ಯೂಟ್ಯೂಬೇ ಅನುಕೂಲ.

ಎಂಬೆಡ್‌ಗೂ ಒಂದು ಕೊರತೆ ಇದೆ. ಮೂಲ ವಿಡಿಯೊ ಅಳಿಸಿದ ದಿನ ನಿಮ್ಮ ಪುಟದಲ್ಲಿ ಕಪ್ಪು ಚೌಕ ಉಳಿಯುತ್ತದೆ. 2021ರ ಜುಲೈನಲ್ಲಿ ಯೂಟ್ಯೂಬ್, 2017ಕ್ಕಿಂತ ಹಿಂದೆ ಹಾಕಿದ್ದ ಅನ್‌ಲಿಸ್ಟೆಡ್ ವಿಡಿಯೊಗಳನ್ನು, ಬೇಡ ಅಂತ ಮಾಲೀಕರು ಹೇಳದಿದ್ದರೆ, ಪ್ರೈವೇಟ್ ಮಾಡಿಬಿಟ್ಟಿತು. ಎಷ್ಟೋ ಹಳೇ ಲಿಂಕುಗಳು ಆಗ ಸತ್ತವು. ಸಂಘದ ವಿಡಿಯೊಗಳನ್ನು ಕಾರ್ಯದರ್ಶಿಯ ಸ್ವಂತ ಅಕೌಂಟಿಗೆ ಹಾಕುವ ಬದಲು ಸಂಘದ ಹೆಸರಿನ ಅಕೌಂಟ್ ಮಾಡಿ ಹಾಕಿ. ಕಾರ್ಯದರ್ಶಿ ಬದಲಾದರೂ ವಿಡಿಯೊ ಸಂಘದ ಹತ್ತಿರವೇ ಇರುತ್ತದೆ.

ಬಹಳ ಕಾಲ ಉಳಿಯಬೇಕಾದದ್ದಕ್ಕೆ

ಮನೆಯ ಅಟ್ಟದ ಮೇಲೆ ಹಳೇ ವಿಡಿಯೊ ಕ್ಯಾಸೆಟ್ ಇಟ್ಟುಕೊಂಡವರು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆ. ರಾತ್ರಿಯಿಡೀ ಆಡಿದ ಮೂಡಲಪಾಯ ಯಕ್ಷಗಾನ, ಊರಿನ ನಾಟಕ, ಈಗ ಇಲ್ಲದ ಹಾಡುಗಾರರ ದನಿ. ಅಂಥದ್ದನ್ನು ಯೂಟ್ಯೂಬಿಗೆ ಮಾತ್ರ ಹಾಕಿ ಕೈತೊಳೆದುಕೊಳ್ಳಬೇಡಿ. ಇಂಟರ್‌ನೆಟ್ ಆರ್ಕೈವ್ ಅಂತ ಒಂದು ಇದೆ, 1996ರಲ್ಲಿ ಶುರುವಾದ ಲಾಭದ ಉದ್ದೇಶವಿಲ್ಲದ ಗ್ರಂಥಾಲಯ. ಅಲ್ಲಿ ಪುಕ್ಕಟೆ ಅಕೌಂಟ್ ಮಾಡಿ ವಿಡಿಯೊ ಏರಿಸಬಹುದು. ನೀವು ಕೊಟ್ಟ ಮೂಲ ಫೈಲ್ ಹಾಗೇ ಉಳಿಯುತ್ತದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಸೈಟಿಗೆ ಎಂಬೆಡ್ ಕೂಡ ಆಗುತ್ತದೆ. ಯೂಟ್ಯೂಬಿನಷ್ಟು ಸಲೀಸಾಗಿ ಓಡುವುದಿಲ್ಲ, ಹುಡುಕಾಟದಲ್ಲಿ ಅಷ್ಟು ಮುಂದೆ ಬರುವುದಿಲ್ಲ. ನಾನಾದರೆ ಎರಡೂ ಕಡೆ ಹಾಕುತ್ತೇನೆ: ನೋಡುವುದಕ್ಕೆ ಯೂಟ್ಯೂಬ್, ಉಳಿಯುವುದಕ್ಕೆ ಆರ್ಕೈವ್. ಮೂರನೇ ಕಾಪಿ ಮನೆಯ ಹಾರ್ಡ್ ಡಿಸ್ಕಿನಲ್ಲಿ.

ವಿಕಿಪೀಡಿಯಕ್ಕೆ ಬೇಕಾದ ಫೋಟೊ, ವಿಡಿಯೊ ಇಡುವ ವಿಕಿಮೀಡಿಯ ಕಾಮನ್ಸ್ ಕೂಡ ಇದೆ. ಅಲ್ಲಿಗೆ ಹಾಕಿದ ವಿಡಿಯೊವನ್ನು ಕನ್ನಡ ವಿಕಿಪೀಡಿಯದ ಲೇಖನದಲ್ಲೇ ಬಳಸಬಹುದು. ಆದರೆ ಫೋನಿನ ಎಂಪಿ4 ಫೈಲನ್ನು ಅದು ನೇರವಾಗಿ ತೆಗೆದುಕೊಳ್ಳುವುದಿಲ್ಲ, ವೆಬ್‌ಎಂ ರೂಪಕ್ಕೆ ಬದಲಾಯಿಸಬೇಕು. ಜೊತೆಗೆ ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು ಅನ್ನುವ ಲೈಸೆನ್ಸ್ ಕೊಡಬೇಕು. ಕಂಸಾಳೆ ಹಿಡಿಯುವುದು ಹೇಗೆ, ಪೂಜೆ ಹೊರುವುದು ಹೇಗೆ ಅನ್ನುವ ಒಂದು ನಿಮಿಷದ ಸ್ಪಷ್ಟ ವಿಡಿಯೊಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ.

ಈ ಎರಡೂ ಕಡೆ ಹಾಕುವ ಮೊದಲು ವಿಡಿಯೊದಲ್ಲಿರುವವರನ್ನು, ಅವರಿಲ್ಲದಿದ್ದರೆ ಮನೆಯವರನ್ನು ಕೇಳಿ ಒಪ್ಪಿಗೆ ಪಡೆಯಿರಿ. ವಿವರಣೆಯಲ್ಲಿ ಪ್ರಸಂಗ ಯಾವುದು, ಭಾಗವತರು ಯಾರು, ಮದ್ದಳೆ ಯಾರದ್ದು, ಮುಖವೀಣೆ ಯಾರದ್ದು, ಯಾವ ಊರು, ಯಾವ ವರ್ಷ ಅಂತ ಬರೆಯಿರಿ. ಕ್ಯಾಸೆಟ್ ಮೇಲೆ ಪೆನ್ನಿನಲ್ಲಿ ಬರೆದದ್ದು ಮಾಸಿದ್ದರೆ ಊರಿನ ಹಿರಿಯರ ಮುಂದೆ ವಿಡಿಯೊ ಹಾಕಿ ಕೂರಿಸಿ. ಮುಖ ನೋಡಿ ಹೆಸರು ಹೇಳುವವರು ಇರುವಾಗಲೇ ಈ ಕೆಲಸ ಆಗಬೇಕು.